ನೌಕರಿ ಗುಳಿಗೆಯಲ್ಲ, ತಂಗಿ

ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಅಂತ ಹಿರಿಯರು ಗಾದೆ ಕಟ್ಟಿಟ್ಟಿದ್ದಾರೆ. ನಗಬೇಡ, ನೀನು ಈಗ ಸಿಕ್ಕಿಕೊಂಡಿರುವುದು ಅದೇ ಗಾದೆಯೊಳಗೆ. ಟೀಚರ್ ಆರ್ಡರ್ ಕೈಗೆ ಬಂದರೆ ಮನಸ್ಸು ತಾನೇ ಸರಿಹೋಗುತ್ತದೆ ಅನ್ನುತ್ತೀ. ಮನಸ್ಸು ಸರಿಯಿಲ್ಲ, ಅದಕ್ಕೇ ಓದು ತಲೆಗೆ ಹತ್ತುತ್ತಿಲ್ಲ ಅಂತಲೂ ಅನ್ನುತ್ತೀ. ಓದದೆ ಆರ್ಡರ್ ಬರುವುದಿಲ್ಲ, ಆರ್ಡರ್ ಬರದೆ ಮನಸ್ಸು ನೆಟ್ಟಗಾಗುವುದಿಲ್ಲ. ಹೀಗೇ ಕೂತರೆ ವಯಸ್ಸಿನ ಮಿತಿ ದಾಟುತ್ತದೆ, ಬೇರೇನೂ ಆಗುವುದಿಲ್ಲ.

ಎರಡನ್ನೂ ಬಿಡಿಸಿ ಇಡು. ಮನಸ್ಸಿನ ಕಾಯಿಲೆಗೆ ದವಾಖಾನೆ, ನೌಕರಿಗೆ ಓದು. ಒಂದರ ಸಾಲ ಇನ್ನೊಂದರ ಖಾತೆಗೆ ಬರೆಯಬೇಡ.

ತಮ್ಮಾ, ನೀನು ಓದುತ್ತಿದ್ದರೆ ನಿನಗೂ ಇದೇ ಮಾತು. ಹೆಣ್ಣುಮಕ್ಕಳು ಅತ್ತಾದರೂ ಹಗುರಾಗುತ್ತಾರೆ. ನೀನು ಸ್ಟೇಷನ್ ಬಾಜೂ ಚಹಾದಂಗಡಿಯಲ್ಲಿ ಕೂತು ‘ಟೆನ್ಶನ್ ಏನಿಲ್ಲ ಕಾಕಾ’ ಅಂತ ಮೊಬೈಲ್ ಉಜ್ಜುತ್ತಾ ಹೊತ್ತು ಕಳೆಯುತ್ತೀ. ಕಾಕಾಗೆ ಎಲ್ಲ ಗೊತ್ತಾಗುತ್ತದೆ.

ಸೇಡಂ, ಚಿಂಚೋಳಿ ಕಡೆಯ ಸಾಲಿಗಳಲ್ಲಿ ಚಾಕ್‌ಪೀಸ್ ಸವೆಸಿ ನಿವೃತ್ತನಾದ ಮಾಸ್ತರ ನಾನು. ತಂಗಿ, ನಿನ್ನಂಥವರ ದಿನಚರಿ ನನಗೆ ಬಾಯಿಪಾಠ. ಬಿ.ಎಡ್. ಮುಗಿದಿದೆ. ಅಪ್ಪ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿ, ಇಲ್ಲವೇ ಶಹಾಬಾದದ ಖಣಿಯಲ್ಲಿ ಪರಸಿ ಎತ್ತಿ ನಡ ಮುರಿದುಕೊಂಡವನು, ಇಲ್ಲವೇ ನಾಲ್ಕೆಕರೆ ತೊಗರಿ ನಂಬಿದವನು. ಮನೆಯಲ್ಲಿ ಡಿಗ್ರಿ ಕಂಡ ಮೊದಲ ಜೀವ ನೀನು. ರಾತ್ರಿ ಎಲ್ಲರೂ ಮಲಗಿದ ಮೇಲೆ ನೌಕರಿ ಗ್ರೂಪಿನ ಮೆಸೇಜುಗಳನ್ನು ಮೇಲೆ ಕೆಳಗೆ ಮಾಡುತ್ತೀ. ಎರಡಕ್ಕೆ ಕಣ್ಣು ಮುಚ್ಚಿದರೆ ನಾಲ್ಕಕ್ಕೆ ಎಚ್ಚರ. ಎದೆ ಡವಡವ. ಬೆಳಗ್ಗೆ ಅವ್ವ ಬಿಸಿರೊಟ್ಟಿ, ಪುಂಡಿಪಲ್ಯ ಇಟ್ಟರೆ ಎರಡು ತುತ್ತಿಗೆ ತಟ್ಟೆ ಸರಿಸುತ್ತೀ. ಓಣಿಯ ದೊಡ್ಡವ್ವ ‘ಯಾವಾಗ ಬರ್ತದವ್ವಾ ಆರ್ಡರು?’ ಅಂತ ಕೇಳಿದರೆ ಆ ದಿನವೆಲ್ಲ ಕೆಟ್ಟಿತು. ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನವಾಯಿತೋ ನಿನಗೇ ನೆನಪಿಲ್ಲ.

ಇದಕ್ಕೆಲ್ಲ ನೀನೇ ಒಂದು ಹೆಸರಿಟ್ಟುಕೊಂಡಿದ್ದೀ: ಸೋಮಾರಿತನ. ಸೋಮಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ತಂಗಿ. ಅವರಿಗೆ ನಿದ್ದೆ ಬಹಳ ಚೆನ್ನಾಗಿ ಬರುತ್ತದೆ. ಹಸಿವೂ ಅಷ್ಟೇ. ನಿನಗಿರುವುದು ಸೋಮಾರಿತನವಲ್ಲ, ಕಾಯಿಲೆ. ಎರಡು ವಾರ ದಾಟಿಯೂ ನಿದ್ದೆ, ಊಟ, ಉಮೇದು ಮೂರೂ ಹಳಿಗೆ ಬರದಿದ್ದರೆ ಡಾಕ್ಟರಿಗೆ ತೋರಿಸಬೇಕು. ಇದು ನನ್ನ ಮಾತಲ್ಲ, ಡಾಕ್ಟರುಗಳೇ ಹೇಳುವ ಲೆಕ್ಕ.

ತಮಾಷೆ ನೋಡು. ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ: 150 ಪ್ರಶ್ನೆ, 150 ಅಂಕ, ಎರಡೂವರೆ ತಾಸು. ಅದರಲ್ಲಿ 30 ಅಂಕ ಶಿಶು ವಿಕಸನಕ್ಕೂ ಬೋಧನಾಶಾಸ್ತ್ರಕ್ಕೂ ಮೀಸಲು. ಆ 30ಕ್ಕಾಗಿ ಪಿಯಾಜೆಯ ಹಂತ ಎಷ್ಟು, ಎರಿಕ್‌ಸನ್ನನದು ಎಷ್ಟು ಅಂತ ಉರು ಹೊಡೆದಿದ್ದೀ. ಊಟ ಬಿಟ್ಟು, ಆಟ ಬಿಟ್ಟು, ಮೂಲೆ ಸೇರಿದ ಮಗುವಿಗೆ ಶಿಕ್ಷಕಿ ಏನು ಮಾಡಬೇಕು ಅಂತ ಕೇಳಿ ನಾಲ್ಕು ಆಯ್ಕೆ ಕೊಟ್ಟರೆ, ‘ತಜ್ಞರ ಬಳಿ ಕಳುಹಿಸಬೇಕು’ ಅನ್ನುವುದಕ್ಕೆ ಕಣ್ಣುಮುಚ್ಚಿ ಗುರುತು ಹಾಕುತ್ತೀ. ಅದೇ ಮಗು ಕನ್ನಡಿಯಲ್ಲಿ ಕಂಡರೆ ಮಾತ್ರ ಗುರುತು ಸಿಗುವುದಿಲ್ಲ!

ಮನೆಯವರು ಸುಮ್ಮನೆ ಕೂತಿಲ್ಲ, ಪಾಪ. ಅವರಿಗೆ ಗೊತ್ತಿರುವ ಮದ್ದುಗಳೇ ಬೇರೆ. ಮೊದಲು ಬೈಗುಳ. ಆಮೇಲೆ ಗಾಣಗಾಪುರ. ಅದಕ್ಕೂ ಬಗ್ಗದಿದ್ದರೆ ಲಗ್ನ. ಗಾದೆ ಕಟ್ಟಿದವರ ಮೊಮ್ಮಕ್ಕಳಲ್ಲವೇ! ಗಾಣಗಾಪುರಕ್ಕೆ ಹೋಗುವುದಕ್ಕೆ ನನ್ನ ತಕರಾರಿಲ್ಲ. ಭೀಮಾ-ಅಮರಜಾ ಸಂಗಮದಲ್ಲಿ ಮಿಂದು ದತ್ತಾತ್ರೇಯನಿಗೆ ಕೈಮುಗಿದು ಬಾ, ಅವ್ವನಿಗಾದರೂ ಸಮಾಧಾನವಾಗುತ್ತದೆ. ಗುಳಿಗೆ ನುಂಗಬೇಡ ಅಂತ ಯಾವ ದೇವರೂ ಹೇಳಿಲ್ಲ. ಗಾಳಿ ಬಡಿದಿದೆ ಅಂತ ಹೊಗೆ ಹಾಕಿ ಬೆತ್ತ ಹಿಡಿಯುವವರ ಮನೆಗೆ ಮಾತ್ರ ಕಾಲಿಡಬೇಡ.

ಲಗ್ನದ ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನನ್ನ ಕೈಯಲ್ಲಿ ಅಕ್ಷರ ತಿದ್ದಿದ ಹುಡುಗಿಯೊಬ್ಬಳಿಗೆ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರು. ಅತ್ತೆಮನೆಯಲ್ಲಿ ಗುಳಿಗೆಯ ಪಟ್ಟಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಿದ್ದಳು. ನಸುಕಿನಲ್ಲಿ ಹಿಟ್ಟು ನಾದುವ ನೆವದಲ್ಲಿ ಕೈ ಹಾಕಿ ಒಂದು ತೆಗೆದು, ಒಲೆ ಮುಂದೆ ಬೆನ್ನು ತಿರುಗಿಸಿ ಕೂತು ನುಂಗುತ್ತಿದ್ದಳು. ಒಂದು ದಿನ ನಾದಿನಿ ಹಿಟ್ಟು ತೆಗೆಯಲು ಬಂದಳು. ಅವತ್ತಿಗೆ ಗುಳಿಗೆ ನಿಂತಿತು. ಆರು ತಿಂಗಳಲ್ಲಿ ಹುಡುಗಿ ತವರಿಗೆ ವಾಪಸು. ಈಗ ಮತ್ತೆ ಮದ್ದು ಶುರುವಾಗಿ ಚೆನ್ನಾಗಿದ್ದಾಳೆ. ಆದರೆ ಅಷ್ಟು ದೂರ ಹೋಗಿ ಬರುವ ಅಗತ್ಯ ಯಾರಿಗೂ ಇರಲಿಲ್ಲ. ಹೇಳಿಯೇ ಮಾಡಿಕೊಳ್ಳಬೇಕು, ಆರಾಮಾದ ಮೇಲೆ ಮಾಡಿಕೊಳ್ಳಬೇಕು. ಹೇಳಿದರೆ ಸಂಬಂಧ ತಪ್ಪುತ್ತದೆ ಅನ್ನುತ್ತಾಳೆ ಅವ್ವ. ತಪ್ಪಲಿ ಬಿಡು, ತಪ್ಪಬೇಕಾದ್ದೇ ತಪ್ಪುತ್ತದೆ.

ಇನ್ನು ದವಾಖಾನೆ ಅಂದಕೂಡಲೇ ಬೆಂಗಳೂರಿನ ನಿಮ್ಹಾನ್ಸ್ ನೆನೆದು ಬೆದರಬೇಡ. 1985ರಲ್ಲಿ ಆ ನಿಮ್ಹಾನ್ಸ್‌ನವರೇ ನಮ್ಮ ಕಡೆಯ ಬಳ್ಳಾರಿ ಜಿಲ್ಲೆಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾದಾ ಡಾಕ್ಟರಿಗೆ, ಸಿಬ್ಬಂದಿಗೆ ಮನಸ್ಸಿನ ಕಾಯಿಲೆ ಗುರುತಿಸಿ ಮದ್ದು ಕೊಡುವುದನ್ನು ಕಲಿಸಿದರು. ಹಳ್ಳಿಯ ಜನ ಬಂದರು, ಗುಳಿಗೆ ತೆಗೆದುಕೊಂಡರು, ಹೊಲಕ್ಕೆ ಹೋದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಅದೇ ಬಳ್ಳಾರಿ ಮಾದರಿ ಹಿಡಿದು. ಹಿಂದುಳಿದ ಸೀಮೆ ಅಂತ ನಮ್ಮನ್ನು ಕರೆಯುವ ದೇಶ ಈ ಪಾಠವನ್ನು ಕಲ್ಯಾಣ ಕರ್ನಾಟಕದಿಂದಲೇ ಕಲಿತಿದೆ. ಕಲಿಸಿದ ಊರಿನವರೇ ನಾಚಿಕೊಂಡರೆ ಹೇಗೆ?

ರಾಜ್ಯ ಸರ್ಕಾರದ ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಈ ಮಂಗಳವಾರ ಬರುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿಕೊಂಡು ಹೋಗು. ಸರ್ಕಾರಿ ಕೆಲಸ ನೋಡು, ನೀನೂ ಅದಕ್ಕೇ ಸೇರಬೇಕೆಂದು ಕೂತವಳು! ಇಲ್ಲಿ ಆಗದಿದ್ದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದ್ದೇ ಇದೆ. ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು: ಯಾವಾಗಿನಿಂದ ಹೀಗೆ, ನಿದ್ದೆ ಎಷ್ಟು ತಾಸು, ಊಟ ಹೇಗೆ, ಮುಟ್ಟು ಸರಿಯಾಗಿದೆಯಾ, ಯಾವ ಹೊತ್ತಿಗೆ ಹೆಚ್ಚು ಕಷ್ಟ. ಡಾಕ್ಟರ ಮುಂದೆ ಕೂತಾಗ ನಾಲಿಗೆ ಹೊರಳುವುದಿಲ್ಲ, ಹಾಳೆ ಮಾತಾಡುತ್ತದೆ. ಥೈರಾಯ್ಡ್, ರಕ್ತಹೀನತೆ, ಬಿ12 ಪರೀಕ್ಷೆ ಬೇಕೇ ಅಂತ ಬಾಯಿಬಿಟ್ಟು ಕೇಳು. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಹೊಸದಲ್ಲ. ಅದರಿಂದಲೂ ಸುಸ್ತು, ಬೇಸರ ಬರುತ್ತದೆ.

ಗುಳಿಗೆ ಕೊಟ್ಟರೆ ನಿನ್ನ ಅವಸರಕ್ಕೆ ಮೊದಲ ಪರೀಕ್ಷೆ ಅಲ್ಲೇ. ಖಿನ್ನತೆಯ ಮದ್ದು ನಾಳೆಗೇ ಹತ್ತುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮೊದಮೊದಲು ಹೊಟ್ಟೆ ತೊಳೆಸುತ್ತದೆ, ತಲೆ ಭಾರ ಅನ್ನಿಸುತ್ತದೆ. ‘ಇದು ನನಗೆ ಒಗ್ಗಲಿಲ್ಲ’ ಅಂತ ಐದನೇ ದಿನ ಬಿಟ್ಟವರು, ‘ಈಗ ಆರಾಮಾದೆ’ ಅಂತ ಎರಡನೇ ತಿಂಗಳು ಬಿಟ್ಟವರು, ಇಬ್ಬರೂ ಮತ್ತೆ ಅದೇ ಬಾಗಿಲಿಗೆ ಬರುತ್ತಾರೆ. ಶುರು ಮಾಡುವುದೂ ನಿಲ್ಲಿಸುವುದೂ ಡಾಕ್ಟರು ಹೇಳಿದಾಗ. ನಿದ್ದೆಗುಳಿಗೆಯನ್ನು ಮೆಡಿಕಲ್ ಅಂಗಡಿಯಲ್ಲಿ ನೀನೇ ಕೇಳಿ ತರಬೇಡ, ಅದರಲ್ಲಿ ಚಟ ಹತ್ತುವಂಥವು ಇವೆ. ಗುಳಿಗೆಯೇ ಬೇಕಿಲ್ಲ, ಕೂತು ಮಾತಾಡಿದರೆ ಸಾಕು ಅನ್ನುವ ಮಟ್ಟದ ಕಷ್ಟವೂ ಇರುತ್ತದೆ. ಯಾವುದು ಅಂತ ಅವರು ಹೇಳಲಿ, ಯೂಟ್ಯೂಬ್ ಅಲ್ಲ.

‘ಗೊತ್ತಾದರೆ ನೌಕರಿ ಕೊಡಲ್ಲ’ ಅನ್ನುವ ಭಯ ನಿನ್ನ ಎದೆಯಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಓದಿಲ್ಲ ನೀನು. ನಿನ್ನ ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದು ನಿನ್ನ ಹಕ್ಕು ಅಂತ ಅದರಲ್ಲಿದೆ. ಹಿಂದೆ ಚಿಕಿತ್ಸೆ ಪಡೆದಿದ್ದರು ಅನ್ನುವ ಒಂದೇ ಕಾರಣಕ್ಕೆ ಈಗಲೂ ಕಾಯಿಲೆಯಿದೆ ಅಂತ ತೀರ್ಮಾನಿಸಕೂಡದು ಅಂತಲೂ ಇದೆ. ಕಾಯಿಲೆ ಬಿದ್ದಿದ್ದಕ್ಕೆ ನೌಕರಿ ತಪ್ಪಿದವರಿಗಿಂತ, ಮದ್ದಿಲ್ಲದೆ ಪರೀಕ್ಷೆಗೇ ಹೋಗದೆ ತಪ್ಪಿಸಿಕೊಂಡವರೇ ನನಗೆ ಹೆಚ್ಚು ಗೊತ್ತು.

ಈಗ ಗುರಿಯ ಮಾತು. ನಿನ್ನ ಗೋಡೆಯ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ ಟೈಮ್ ಟೇಬಲ್ ಇದೆ. ಬೆಳಗ್ಗೆ 4ರಿಂದ ರಾತ್ರಿ 11. ಸ್ನಾನಕ್ಕೆ ಹತ್ತು ನಿಮಿಷ. ಆರೋಗ್ಯವಾಗಿರುವ ಗಟ್ಟಿಮುಟ್ಟಾದ ಮನುಷ್ಯನೂ ಮೂರು ದಿನ ನಡೆಸಲಾರದ ಪಟ್ಟಿ ಅದು. ನಾಲ್ಕನೇ ದಿನ ತಪ್ಪಿತು ಅಂತ ನಿನ್ನನ್ನೇ ಬೈದುಕೊಳ್ಳುವುದಕ್ಕೆ ಅದನ್ನು ಬರೆದಂತಿದೆ. ಹರಿದು ಹಾಕು. ಕೆಟ್ಟ ದಿನಗಳಲ್ಲಿ ಎರಡು ತಾಸು ಓದಿದರೂ ಅದು ಓದೇ. ಅದೂ ಆಗದ ದಿನ ಕಾಗದಪತ್ರದ ಕೆಲಸ ಮಾಡು: ಮಾರ್ಕ್ಸ್ ಕಾರ್ಡ್ ಜೆರಾಕ್ಸ್, ಜಾತಿ ಪ್ರಮಾಣಪತ್ರ, 371(ಜೆ) ಅರ್ಹತಾ ಪತ್ರ. 371(ಜೆ) ಪತ್ರ ಕೊಡುವ ಎಸಿ ಆಫೀಸು ಸೇಡಂನಲ್ಲೇ ಇದೆ, ನಡೆದುಕೊಂಡು ಹೋಗು, ಎರಡು ಮುಖ ನೋಡಿದ ಹಾಗಾಗುತ್ತದೆ. ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಅಂತ ಇರುವ ಮೀಸಲು ನಿನಗೆ ಸಿಗುವುದು ಆ ಕಾಗದದ ಬಲದಲ್ಲಿ. ಅರ್ಜಿ ಹಾಕುವ ಕೊನೇ ದಿನ ಅದಕ್ಕಾಗಿ ಓಡಾಡಿ ಎದೆ ಹಿಡಿದು ಕೂರುವವರನ್ನು ಪ್ರತಿ ಸಲ ನೋಡುತ್ತೇನೆ.

ಟಿಇಟಿಯದೂ ಅಷ್ಟು ತರಾತುರಿ ಬೇಡ. ಮೊದಲು ಆ ಪ್ರಮಾಣಪತ್ರಕ್ಕೆ ಏಳು ವರ್ಷದ ಆಯುಸ್ಸಿತ್ತು. 2021ರಲ್ಲಿ ಅದನ್ನು ಜೀವನಪೂರ್ತಿ ಮಾಡಿದರು. ಒಮ್ಮೆ ಪಾಸಾದರೆ ಮುಗಿಯಿತು, ಈ ಸಲ ಆಗದಿದ್ದರೆ ಮುಂದಿನ ಸಲ. ನೀನೊಬ್ಬಳೇ ಅಲ್ಲ, 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಹಳೆಯ ಮಾಸ್ತರರೂ ಟಿಇಟಿ ಪಾಸಾಗಬೇಕಾಗಿದೆ. ತಲೆ ನರೆತವರು ಗೈಡ್ ಹಿಡಿದು ಬೆವರುತ್ತಿದ್ದಾರೆ. ನಾನು ಸಕಾಲದಲ್ಲಿ ನಿವೃತ್ತನಾದೆ!

ತಡವಾದದ್ದೆಲ್ಲ ನಿನ್ನ ತಪ್ಪು ಅಂತ ಎಣಿಸುವುದನ್ನೂ ಬಿಡು. 2022ರ ಮೇ ತಿಂಗಳಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತು. ಪಟ್ಟಿ ಬಂತು. ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪತ್ರ ಅಪ್ಪನ ಲೆಕ್ಕದ್ದಿರಬೇಕೋ ಗಂಡನ ಲೆಕ್ಕದ್ದೋ ಅನ್ನುವ ತಕರಾರು ಹೈಕೋರ್ಟ್ ಹತ್ತಿತು. 2023ರ ಬಹುಭಾಗ ಅದರಲ್ಲೇ ಹೋಯಿತು. ಚೆನ್ನಾಗಿ ಓದಿ, ಚೆನ್ನಾಗಿ ಬರೆದು, ಹೆಸರು ಬಂದವರೂ ಮನೆಯಲ್ಲೇ ಕೂತು ಕಾಯ್ದರು. ಅವರಲ್ಲಿ ಯಾರ ಬುದ್ಧಿಯಲ್ಲಿ ಏನು ಕೊರತೆಯಿತ್ತು ಹೇಳು?

ನಿನ್ನ ಅಪ್ಪನ ಹೊಲ ನೋಡು. ಜೂನಿನಲ್ಲಿ ತೊಗರಿ ಸಾಲಿನ ನಡುವೆ ಹೆಸರು ಬಿತ್ತುತ್ತಾನೆ. ಎರಡೂವರೆ ತಿಂಗಳಿಗೆ ಹೆಸರಿನ ರಾಶಿ ಮುಗಿಸಿ ದುಡ್ಡು ಎಣಿಸುತ್ತಾನೆ. ತೊಗರಿ ಆಗ ಇನ್ನೂ ಹಸಿರಾಗಿ, ಹೂವೂ ಇಲ್ಲದೆ ನಿಂತಿರುತ್ತದೆ. ಅದರ ರಾಶಿ ಸಂಕ್ರಾಂತಿ ಸುಮಾರಿಗೆ. ಆದರೂ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದು ತಡವಾಗಿ ಬರುವ ಆ ತೊಗರಿಗೇ, ಕಲಬುರಗಿಯ ತೊಗರಿ ಬೇಳೆಗೆ. ನಿನ್ನ ಜೊತೆಗೆ ಓದಿದವಳಿಗೆ ಕಳೆದ ವರ್ಷವೇ ಆರ್ಡರ್ ಬಂತು ಅಂತ ಅತ್ತೆಯಲ್ಲ, ಆಕೆಯ ಬೆಳೆ ಬೇರೆ, ನಿನ್ನ ಬೆಳೆ ಬೇರೆ.

ಕಾಯುವ ಹೊತ್ತಿನಲ್ಲಿ ಅತಿಥಿ ಶಿಕ್ಷಕಿಯಾಗಿ ಹೋಗಲೇ ಅಂತ ಕೇಳಿದೆ. ಡಾಕ್ಟರು ಬೇಡ ಅನ್ನದಿದ್ದರೆ ಹೋಗು. ದುಡ್ಡು ಕಡಿಮೆ, ಅದೂ ತಡವಾಗಿ ಬರುತ್ತದೆ, ಬೇಸಿಗೆಯಲ್ಲಿ ಅದೂ ಇಲ್ಲ. ಆದರೆ ಒಂಬತ್ತೂವರೆಗೆ ತಲೆ ಬಾಚಿಕೊಂಡು ಮನೆಯಿಂದ ಹೊರಬೀಳುವ ಕಾರಣ ಸಿಗುತ್ತದೆ. ಮೊದಲ ವಾರ ಬೋರ್ಡಿನ ಮುಂದೆ ಕೈ ನಡುಗುತ್ತದೆ. ಬರೆದ ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಕೆಳಗಿಳಿಯುತ್ತದೆ. ಹಿಂದೆ ಯಾರೋ ಕಿಸಕ್ಕೆನ್ನುತ್ತಾರೆ. ತಿರುಗಿ ನೀನೂ ನಕ್ಕುಬಿಡು. ನಡುಗದ ಕೈಯಿಂದ ಶುರು ಮಾಡಿದ ಮಾಸ್ತರನನ್ನು ನಾನಂತೂ ಕಂಡಿಲ್ಲ.

ಒಂದು ಎಚ್ಚರ ಹೇಳುತ್ತೇನೆ. ಮಕ್ಕಳನ್ನು ಕಂಡರೆ ನನ್ನ ದುಃಖವೆಲ್ಲ ಮರೆಯುತ್ತದೆ ಅನ್ನುತ್ತೀಯಲ್ಲ, ಆ ಮಾತು ಕೇಳಲು ಚೆಂದ. ಸಾಲಿಯ ಮಕ್ಕಳು ನಿನ್ನ ಮದ್ದಾಗಲು ಬಂದವರಲ್ಲ. ತಾಂಡಾದಿಂದ ಬಂದ ಹುಡುಗಿಗೆ ಮನೆಯಲ್ಲಿ ಲಂಬಾಣಿ, ಗಡಿಯ ಹಳ್ಳಿಯವನಿಗೆ ತೆಲುಗು, ಓಣಿಯ ಇನ್ನೊಬ್ಬನಿಗೆ ಉರ್ದು. ಎಲ್ಲರಿಗೂ ಪುಸ್ತಕ ಕನ್ನಡ. ಅವರಿಗೇ ಬೇಕಾದಷ್ಟು ಕಷ್ಟವಿದೆ. ದೀಪಾವಳಿ ಮುಗಿದ ಮೇಲೆ ಅಪ್ಪ ಅವ್ವನ ಜೊತೆ ಹೈದರಾಬಾದಿಗೋ ಪುಣೆಗೋ ಗುಳೆ ಹೋಗಿ, ತಿಂಗಳುಗಟ್ಟಲೆ ಕಟ್ಟಡದ ಮರಳಿನ ಮೇಲೆ ಆಡಿ ಬಂದ ಹುಡುಗ ಕಿಟಕಿ ಪಕ್ಕ ಕೂತಿರುತ್ತಾನೆ. ಪಾಟಿಚೀಲ ತೆರೆಯುವುದಿಲ್ಲ. ಬೇರೆ ಟೀಚರಿಗೆ ಅವನು ದಡ್ಡ. ನಿನಗೆ ಹಾಗೆ ಕಾಣುವುದಿಲ್ಲ. ಪುಸ್ತಕ ತೆರೆಯಬೇಕೆಂದರೂ ಕೈ ಏಳದ ಬೆಳಗು ನಿನಗೆ ಗೊತ್ತು. ಅವನ ಪಕ್ಕ ಕೂತು ಒಂದು ಅಕ್ಷರ ನೀನು ಬರೆ, ಒಂದು ಅವನು ಬರೆಯಲಿ. ನಿನ್ನ ಕಷ್ಟ ನಿನಗೆ ಕಲಿಸಿದ್ದು ಇಷ್ಟು, ಇದು ಬಿ.ಎಡ್. ಕಾಲೇಜಿನಲ್ಲಿ ಸಿಗುವಂಥದ್ದಲ್ಲ. ಆದರೆ ನಿನ್ನ ಕಣ್ಣೀರು ಮಾತ್ರ ಆ ತರಗತಿಗೆ ತರಬೇಡ, ಅದಕ್ಕೆ ಡಾಕ್ಟರಿದ್ದಾರೆ, ಗೆಳತಿಯಿದ್ದಾಳೆ, ಅವ್ವ ಇದ್ದಾಳೆ.

ಇನ್ನೊಂದು ಭಾರವೂ ನಿನ್ನ ತಲೆ ಮೇಲಿದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ, ಶೇ. 42.43. ದಕ್ಷಿಣ ಕನ್ನಡ ಶೇ. 91.12 ತೆಗೆದು ಮೊದಲು. ಆ ಪೇಪರ್ ಕಟಿಂಗ್ ನಿನ್ನ ಡೈರಿಯಲ್ಲಿದೆ, ‘ಇದನ್ನು ಬದಲಿಸುತ್ತೇನೆ’ ಅಂತ ಕೆಳಗೆ ಬರೆದಿದ್ದೀ. ಭೇಷ್. ಆದರೆ ಖಾಲಿ ಹುದ್ದೆ, ಗುಳೆ, ಮನೆಭಾಷೆ, ಬಾಲ್ಯವಿವಾಹ, ಬಡತನ ಎಲ್ಲ ಸೇರಿ ಕೆಳಗೆ ತಳ್ಳಿದ ಜಿಲ್ಲೆಯನ್ನು ನೀನೊಬ್ಬಳೇ ಹೆಗಲ ಮೇಲೆ ಎತ್ತಿ ಮಂಗಳೂರಿನ ಪಕ್ಕ ಇಡಲಾರೆ. ನಿನ್ನ ತರಗತಿಯ ಮೂವತ್ತು ಮಕ್ಕಳು ಮಾರ್ಚ್ ಒಳಗೆ ತಪ್ಪಿಲ್ಲದೆ ಒಂದು ಪುಟ ಓದಲಿ. ಅಷ್ಟೇ ಗುರಿ. ಉಳಿದದ್ದನ್ನು ಸರ್ಕಾರಕ್ಕೆ ಬಿಡು, ಅವರಿಗೂ ಸ್ವಲ್ಪ ನಿದ್ದೆ ಕೆಡಲಿ.

ದೊಡ್ಡ ಗುರಿಗೆ ಸುತ್ತು ದಾರಿಯೂ ದಾರಿಯೇ. ನಮ್ಮ ಸಾವಳಗಿಯ ಗೀತಾ ನಾಗಭೂಷಣ ಅವರನ್ನೇ ತೆಗೆದುಕೋ. ಕಲಬುರಗಿಯ ಮಿಲ್ ಕೂಲಿಕಾರನ ಮಗಳು. ಸಣ್ಣ ನೌಕರಿ ಮಾಡುತ್ತಲೇ ಓದು ಮುಂದುವರಿಸಿ ಅಧ್ಯಾಪಕಿಯಾದರು. ಬಡ ಹೆಣ್ಣುಮಕ್ಕಳ ಬದುಕನ್ನು ನಮ್ಮ ಕಡೆಯ ಮಾತಿನಲ್ಲೇ ಬರೆದರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಇಪ್ಪತ್ತೈದಕ್ಕೆ ಎಲ್ಲ ಮುಗಿಯಿತು ಅಂತ ಅವರು ಕೂತಿದ್ದರೆ ನಮಗೆ ಆ ಪುಸ್ತಕ ಸಿಗುತ್ತಿರಲಿಲ್ಲ.

ಕೊನೆಗೆ ಕೆಲಸದ ಮಾತು. ಮೊಬೈಲ್ ತೆಗೆ, 14416 ಅಂತ ಬರೆದು ಸೇವ್ ಮಾಡು. ಟೆಲಿ ಮನಸ್ ಅಂತ ಅದರ ಹೆಸರು, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಯಾವಾಗ ಮಾಡಿದರೂ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಿಸುತ್ತಾರೆ. ಬದುಕೇ ಬೇಡ ಅನ್ನುವ ಯೋಚನೆ ಬಂದ ರಾತ್ರಿ, ಬೆಳಗಾಗಲಿ ಅಂತ ಕಾಯಬೇಡ. ಆ ನಂಬರಿಗೆ ಫೋನ್ ಮಾಡು, ಪಕ್ಕದಲ್ಲಿ ಮಲಗಿದ ಅವ್ವನನ್ನು ಎಬ್ಬಿಸು. ನಿದ್ದೆ ಕೆಡಿಸಿದೆ ಅಂತ ಬೈದರೆ ಬೈಯಲಿ. ಒಬ್ಬಳೇ ಇರಬೇಡ.

ಅಷ್ಟು ದೂರ ಹೋಗುವ ಮೊದಲೇ, ಬರುವ ಮಂಗಳವಾರ ಆಸ್ಪತ್ರೆಗೆ ಹೋಗು. ನಾಚಿಕೆಯಾದರೆ ಗೆಳತಿಯನ್ನು ಕರೆದುಕೋ. ಚೀಟಿ ಮಾಡಿಸುವ ಸಾಲು ಉದ್ದ ಇರುತ್ತದೆ, ಟಿಇಟಿ ಗೈಡ್ ಜೊತೆಗಿರಲಿ.